ಬದುಕಿದ್ದವನ ಫೋಟೋಕ್ಕೆ ಹಾರ

ಫ್ಲೆಕ್ಸಿಗೆ ಒಂದು ವಾಸನೆ ಇದೆ. ಮೆಷಿನ್ನಿನಿಂದ ಆಗತಾನೇ ಇಳಿದಾಗ ಥಿನ್ನರಿನ ಘಾಟು ಮೂಗಿಗೆ ಹೊಡೆಯುತ್ತದೆ. ಎರಡು ದಿನ ಬಿಸಿಲಿಗೆ ಕಟ್ಟಿದರೆ ಹೋಗುತ್ತದೆ ಎಂದು ನಾನು ಗಿರಾಕಿಗಳಿಗೆ ಹೇಳುತ್ತಾ ಬಂದಿದ್ದೇನೆ. ಅದು ಸುಳ್ಳು. ಮಳೆಯಲ್ಲಿ ನೆನೆದು, ನಡುವೆ ಒಂದು ಗಳಿಗೆ ಬಿಸಿಲು ಬಿದ್ದರೆ ಸಾಕು, ಎಷ್ಟು ಹಳೆಯ ಫ್ಲೆಕ್ಸಾದರೂ ಅದೇ ವಾಸನೆಯನ್ನು ಸಣ್ಣಗೆ ಬಿಡುತ್ತದೆ. ಕೊಪ್ಪದಲ್ಲಿ ಇಷ್ಟು ವರ್ಷ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

ಹೋದ ವಾರ ಕೆರೆಕಟ್ಟೆಗೆ ಹೋಗಿದ್ದೆ. ಅಲ್ಲಿನ ಅರಣ್ಯ ನರ್ಸರಿಗೆ ಹೊಸ ಬೋರ್ಡು ಬೇಕೆಂದಿದ್ದರು, ಅಳತೆ ತೆಗೆದುಕೊಳ್ಳಬೇಕಿತ್ತು. ಫೋನಿನಲ್ಲೇ ಅಳತೆ ಕೇಳಬಹುದಿತ್ತು. ಆದರೆ ಆ ಊರಿಗೆ ಹೋಗದೆ ಎರಡು ವರ್ಷ ತಪ್ಪಿಸಿಕೊಂಡಿದ್ದೆ, ಇನ್ನು ತಪ್ಪಿಸಿಕೊಳ್ಳುವುದಕ್ಕೂ ಸುಸ್ತಾಗಿತ್ತು. ಶೃಂಗೇರಿ ದಾಟಿ, ನೆಮ್ಮಾರ್ ಕಳೆದು, ಕಾಡಿನ ರಸ್ತೆಯಲ್ಲಿ ಓಮ್ನಿ ಓಡಿಸಿಕೊಂಡು ಹೋಗುವಷ್ಟು ಹೊತ್ತೂ ಮಳೆ. ನರ್ಸರಿ ಮುಟ್ಟುವಾಗ ಸ್ವಲ್ಪ ಹೊಳವಾಯಿತು.

ನರ್ಸರಿಯ ಗೇಟಿನಿಂದ ನಾಲ್ಕು ಮನೆ ಆಚೆ ಅದೇ ನರ್ಸರಿಯಲ್ಲಿ ಕೆಲಸ ಮಾಡುವ ಜಲಜಕ್ಕನ ಶೀಟಿನ ಮನೆ. ಮನೆಯ ಪಕ್ಕದಲ್ಲಿ ಸೌದೆ ರಾಶಿ, ರಾಶಿಯ ಮೇಲೆ ಹೊದೆಸಿದ ಒಂದು ಫ್ಲೆಕ್ಸ್. ಇದು ನಮ್ಮ ಕಡೆ ಹೊಸದೇನೂ ಅಲ್ಲ. ಚುನಾವಣೆಯದ್ದಾಗಲಿ, ಸನ್ಮಾನದ್ದಾಗಲಿ, ಫ್ಲೆಕ್ಸುಗಳೆಲ್ಲ ಕೊನೆಗೆ ಬಂದು ಸೇರುವುದು ಸೌದೆಯ ಮೇಲೆ ಇಲ್ಲವೇ ಗೊಬ್ಬರದ ಮೇಲೆ. ನನ್ನ ಕೆಲಸ ಜನರ ನಿಜವಾದ ಉಪಯೋಗಕ್ಕೆ ಬರುವುದು ಆಮೇಲೆಯೇ ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೇನೆ.

ಈ ಫ್ಲೆಕ್ಸನ್ನು ಮಾತ್ರ ದೂರದಿಂದಲೇ ಗುರುತಿಸಿದೆ. ಮೇಲ್ಭಾಗದಲ್ಲಿ ಸಾಲಾಗಿ ಹನ್ನೊಂದು ಜನ ಮುಖಂಡರು, ಬಣ್ಣ ಬಿಳಚಿಕೊಂಡಿದ್ದರೂ ನಗು ಹಾಗೇ ಇತ್ತು. ಕೆಳಗೆ ದಪ್ಪಕ್ಷರದಲ್ಲಿ ‘ಕೊನೆಯ ಹನಿ ರಕ್ತ ಇರುವವರೆಗೂ’ ಎಂಬ ಸಾಲು. ನಟ್ಟನಡುವೆ ಒಂದು ತೂತು. ಹರಿದದ್ದಲ್ಲ, ಕತ್ತರಿ ಹಿಡಿದು ಕೂತು ಕತ್ತರಿಸಿದ್ದು. ಆ ತೂತಿನಿಂದ ಸೌದೆಗೆ ನೀರು ಇಳಿಯದಿರಲೆಂದು ಕೆಳಗೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಹಾಸಿದ್ದರು. ಎಳೆಬಿಸಿಲು ಬಿತ್ತು, ವಾಸನೆ ಬಂತು. ಓಮ್ನಿಯಲ್ಲೇ ಕೂತು ಅದನ್ನು ನೋಡಿದೆ.

ಎರಡು ವರ್ಷದ ಹಿಂದಿನ ಆ ಬೇಸಿಗೆಯ ಕೊನೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ಅದನ್ನು ಯುದ್ಧ ಎನ್ನಬೇಕೋ ಬೇಡವೋ ಎಂದು ಟಿವಿಯವರಲ್ಲೇ ಒಮ್ಮತ ಇರಲಿಲ್ಲ. ಕೊಪ್ಪದಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ನನ್ನ ಅಂಗಡಿ. ಎದುರಿಗೇ ಒಂದು ಹೋಟೆಲು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಯುದ್ಧ, ಸಂಜೆ ನಾಲ್ಕಕ್ಕೆ ಇನ್ನೊಂದು. ಬನ್ಸು ತಿನ್ನುತ್ತಾ ಊರುಗಳನ್ನೇ ನೆಲಸಮ ಮಾಡುತ್ತಿದ್ದರು. ಶತ್ರುಗಳ ಬಂದರನ್ನು ಮುಗಿಸಿ, ಕೈ ತೊಳೆದುಕೊಂಡು, ಈ ಸಲ ತೋಟಕ್ಕೆ ಔಷಧಿ ಹೊಡೆಯುವವರು ಸಿಗುತ್ತಾರೋ ಇಲ್ಲವೋ ಎನ್ನುವ ಮಾತಿಗೆ ಇಳಿಯುತ್ತಿದ್ದರು. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬರುತ್ತದೆ. ಹಾಗಾಗಿ ಯುದ್ಧ ಜೋರಾಗಿ ಆಗಬೇಕು, ಆದರೆ ಬೋರ್ಡೋ ಹೊಡೆಯುವ ಹೊತ್ತಿಗೆ ಮುಗಿದಿರಬೇಕು ಎನ್ನುವುದು ಅಲ್ಲಿನ ಒಟ್ಟು ಅಭಿಪ್ರಾಯವಾಗಿತ್ತು.

ಇವರ ಮುಂದಾಳು ಸುಧಾಕರಣ್ಣ. ಪಕ್ಷದ ತಾಲ್ಲೂಕು ಮಟ್ಟದ ಮುಖಂಡರು, ಕೊಪ್ಪದ ಹತ್ತಿರವೇ ಒಳ್ಳೆಯ ತೋಟ, ಅರವತ್ತು ಸಮೀಪಿಸಿದ ವಯಸ್ಸು. ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಯಾರಿಗಾದರೂ ಹಾವು ಕಚ್ಚಿದರೆ ಮೊದಲು ಹೊರಡುವುದು ಅವರ ಜೀಪೇ. ಆದರೆ ಆ ದಿನಗಳಲ್ಲಿ ಅವರಿಗೆ ಏನೋ ಹಿಡಿದುಕೊಂಡ ಹಾಗಿತ್ತು. ಒಂದು ಬೆಳಿಗ್ಗೆ ಅಂಗಡಿಗೆ ಬಂದವರು ಬಾಗಿಲಲ್ಲೇ ನಿಂತು ಕೂಗಿದರು.

“ಎಂತ ಮಾರಾಯ ಭಾಸ್ಕರ, ಗಡೀಲಿ ಹೊಡೆದಾಟ ಆಗ್ತಿದೆ, ನೀನು ಮದುವೆ ಫ್ಲೆಕ್ಸ್ ಮಾಡ್ತಾ ಕೂತಿದೀಯಲ್ಲ!”

“ಹೆಣ್ಣಿನ ಕಡೆಯವ್ರು ಈಗ ಬರ್ತಾರೆ ಸುಧಾಕರಣ್ಣ.”

“ಮದುವೆ ಯಾವತ್ತೂ ಇರ್ತದೆ. ಯುದ್ಧ ಯಾವತ್ತೂ ಇರ್ತದ?”

ಫೋನ್ ತೆಗೆದು ಫೋಟೋ ತೋರಿಸಿದರು. ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ, ಕೋವಿ ಹಿಡಿದು ನಿಂತಿದ್ದಾರೆ. ಮಂಗನ ಕಾಟಕ್ಕೆಂದು ಲೈಸೆನ್ಸ್ ಪಡೆದ ಕೋವಿ. ಅದು ಅವರ ತೋಟಕ್ಕಿಂತ ಹೆಚ್ಚು ದಿನ ಪೊಲೀಸ್ ಸ್ಟೇಷನ್ನಿನಲ್ಲೇ ಇರುತ್ತದೆ, ಚುನಾವಣೆ ಬಂದಾಗಲೆಲ್ಲ ಜಮಾ ಮಾಡಬೇಕಲ್ಲ. ಇದ್ದಾಗಲೂ ಮಂಗಗಳು ಅದಕ್ಕೆ ಹೆದರಿದ್ದನ್ನು ನಾನಂತೂ ಕೇಳಿಲ್ಲ. ಪಂಚೆಯ ಬದಲು ಮಿಲಿಟರಿ ಯೂನಿಫಾರ್ಮ್ ಹಾಕಬೇಕು ಎಂದರು. ಇಂಟರ್ನೆಟ್ಟಿನಿಂದ ಯಾವನೋ ಸೈನಿಕನ ಮೈ ಇಳಿಸಿಕೊಂಡು ಅದರ ಮೇಲೆ ಅವರ ತಲೆ ಇಟ್ಟೆ. ಕುತ್ತಿಗೆ ಕೂರಲಿಲ್ಲ. ಸೈನಿಕರ ಕುತ್ತಿಗೆ ಸಣ್ಣ, ನಮ್ಮ ಮುಖಂಡರದ್ದು ದಪ್ಪ. ಒಂದು ಮಧ್ಯಾಹ್ನ ಪೂರ್ತಿ ಕೂತು ಅವರ ಗಲ್ಲ ಇಳಿಸಿದೆ. ಅದನ್ನು ಕಂಡು ಇನ್ನೂ ಆರು ಜನ ಬಂದರು. ಆ ವಾರ ನಾನು ಸೇನೆಗೆ ಸೇರಿಸಿಕೊಂಡಷ್ಟು ಜನರನ್ನು ನಮ್ಮ ಕಡೆ ಯಾವ ಭರ್ತಿಯಲ್ಲೂ ಸೇರಿಸಿಕೊಂಡಿರಲಾರರು.

ನಕ್ಕು ಹೇಳುತ್ತಿದ್ದೇನೆ, ಆದರೆ ನಾನೇನು ವೀರನೇ? ನಾನೂ ಸೇನೆಗೆ ಹೋದವನಲ್ಲ. ಹೋಗಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವರು ಹೇಳಿದರು, ನಾನು ಮಾಡಿದೆ. ಸುಸ್ತಾಗುತ್ತಿತ್ತು, ಬೇಸರವಾಗುತ್ತಿತ್ತು, ಆದರೂ ಮಾಡಿದೆ.

ಅಷ್ಟೂ ಜನರ ನಡುವೆ ನಿಜವಾಗಿ ಸೇನೆಯಲ್ಲಿದ್ದವರು ಒಬ್ಬರೇ, ತಿಮ್ಮಪ್ಪಣ್ಣ. ನರಸಿಂಹರಾಜಪುರದ ಕಡೆಯ ಶೆಟ್ಟಿಕೊಪ್ಪದವರು. ನಿವೃತ್ತಿಯಾದ ಮೇಲೆ ಕೊಪ್ಪದ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದರು. ದಿನಾ ಬೆಳಗಿನ ಬಸ್ಸಿಗೆ ಬಂದು, ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕಾಲು ನೀಡಿ ಕೂತು, ಮಂಡಿ ನೀವಿಕೊಳ್ಳುತ್ತಾ ಚಾ ಕುಡಿಯುವುದು ಅವರ ಪದ್ಧತಿ. ಆ ದಿನಗಳಲ್ಲಿ ಅವರ ಬೆಂಚಿನ ಸುತ್ತ ಜನ ಸೇರತೊಡಗಿದರು. ಸುಧಾಕರಣ್ಣ ಕೈ ಮುಗಿದೇ ಕೇಳಿದರು.

“ತಿಮ್ಮಪ್ಪಣ್ಣ, ನೀವು ಯುದ್ಧ ಕಂಡವ್ರು. ನಾಡಿದ್ದು ಮೆರವಣಿಗೆ ಇದೆ. ನೀವು ಸ್ಟೇಜ್ ಮೇಲೆ ಕೂರ್ಬೇಕು, ಎರಡು ಮಾತಾಡ್ಬೇಕು.”

“ಎಂತ ಮಾತಾಡದು?”

“ಎಷ್ಟು ಜನರನ್ನ ಹೊಡೆದ್ರಿ, ಹ್ಯಾಂಗೆ ಹೊಡೆದ್ರಿ, ಅದನ್ನೇ.”

“ನಾನು ಚಪಾತಿ ಮಾಡ್ತಿದ್ದೆ” ಎಂದರು ತಿಮ್ಮಪ್ಪಣ್ಣ.

ಯಾರೋ ಕಿಸಕ್ಕೆಂದರು. ತಿಮ್ಮಪ್ಪಣ್ಣ ಚಾ ಲೋಟ ಕೆಳಗಿಟ್ಟರು. ಅವರಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. “ಅಡುಗೆಯವನಾಗೇ ಸೇರಿದ್ದು, ಅಡುಗೆಯವನಾಗೇ ರಿಟೈರ್ ಆಗಿದ್ದು. ಗುಡ್ಡದ ಮೇಲೆ ಹೊಡೆದಾಟ ಆಗ್ಬೇಕಾದ್ರೆ ನಾನು ಕೆಳಗೆ ಒಲೆ ಮುಂದೆ.”

“ಹಾಂಗಾದ್ರೆ ಯುದ್ಧ ನೋಡ್ಲೇ ಇಲ್ವಾ ನೀವು?”

“ನೋಡಿದೀನಿ. ಬೆಳಿಗ್ಗೆ ಇಷ್ಟು ಜನಕ್ಕೆ ಅಂತ ಚಪಾತಿ ಕಟ್ಟಿ ಮೇಲೆ ಕಳಿಸ್ತಿದ್ವಿ. ಸಂಜೆ ಡಬ್ಬ ವಾಪಸ್ ಬರ್ತದಲ್ಲ, ಅದ್ರಲ್ಲಿ ಚಪಾತಿ ಉಳಿದಿರ್ತಿದ್ವು. ತಂದವ್ರು ಎಂತದೂ ಹೇಳ್ತಿರ್ಲಿಲ್ಲ. ನಾವೂ ಕೇಳ್ತಿರ್ಲಿಲ್ಲ. ಮಾರನೇ ದಿನ ಅಷ್ಟು ಹಿಟ್ಟು ಕಡಿಮೆ ಕಲೆಸ್ತಿದ್ವಿ.”

ಕೇಳುತ್ತಿದ್ದವರಲ್ಲಿ ಒಬ್ಬರು ಇನ್ನೊಂದು ಚಾ ಹೇಳಿದರು. ಅಂದು ಸಂಜೆ ಸುಧಾಕರಣ್ಣ ನನ್ನ ಅಂಗಡಿಗೆ ಬಂದು ಮೆರವಣಿಗೆಯ ಫ್ಲೆಕ್ಸಿಗೆಂದು ಕೊಟ್ಟಿದ್ದ ತಿಮ್ಮಪ್ಪಣ್ಣನ ಫೋಟೋ ವಾಪಸ್ ತೆಗೆದುಕೊಂಡರು. “ಪಾಪದವ್ರು, ಒಳ್ಳೆಯವ್ರು. ಆದ್ರೆ ಅಡುಗೆಯವ್ರನ್ನ ಎಂತ ಅಂತ ಹಾಕದು ಮಾರಾಯ?”

ಹಾಗೆ ಖಾಲಿಯಾದ ಜಾಗಕ್ಕೆ ದಿನೇಶ ಬಂದ. ಕೆರೆಕಟ್ಟೆಯ ಜಲಜಕ್ಕನ ಒಬ್ಬನೇ ಮಗ. ಸೇನೆಗೆ ಸೇರಿ ನಾಲ್ಕು ವರ್ಷವಾಗಿತ್ತು, ಆಗ ಗಡಿಯಲ್ಲೇ ಇದ್ದ. ಗಂಡ ತೀರಿಕೊಂಡ ಮೇಲೆ ಜಲಜಕ್ಕ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಿ, ಸಸಿಗೆ ನೀರು ಹೊತ್ತು ಅವನನ್ನು ಓದಿಸಿದ್ದರು. ಸೇನೆಯ ಅರ್ಜಿಗೆ ಬೇಕಾದ ಫೋಟೋ ತೆಗೆಸಲು ತಾಯಿ ಮಗ ಇಬ್ಬರೂ ನನ್ನ ಅಂಗಡಿಗೇ ಬಂದಿದ್ದರು. ಫೋಟೋ ತೆಗೆಯುವಾಗ ಜಲಜಕ್ಕ ಸೆರಗಿನಿಂದ ಅವನ ಮುಖ ಒರೆಸಿದ್ದು, ಅವನು ಸಿಡುಕಿದ್ದು ನನಗಿನ್ನೂ ನೆನಪಿದೆ. ಭರ್ತಿಗೆ ಶಿವಮೊಗ್ಗದವರೆಗೆ ಜೀಪಿನಲ್ಲಿ ಬಿಟ್ಟು ಬಂದಿದ್ದು ಸುಧಾಕರಣ್ಣ. ಈಗ ಅವರು ಎಲ್ಲರೆದುರು “ನಮ್ಮ ಹುಡುಗ, ನಾವೇ ಕಳಿಸಿದ್ದು” ಎಂದು ಎದೆ ಮುಟ್ಟಿ ಹೇಳಿಕೊಳ್ಳುತ್ತಿದ್ದರು. ದಿನೇಶನ ಯೂನಿಫಾರ್ಮಿನ ಫೋಟೋ ಅವನ ವಾಟ್ಸಾಪಿನಲ್ಲೇ ಸಿಕ್ಕಿತು. ಜಲಜಕ್ಕನನ್ನು ಯಾರೂ ಕೇಳಲಿಲ್ಲ.

ಇಲ್ಲಿ ನಾನು ಒಂದು ಹಳೆಯ ಸಂಗತಿ ಹೇಳಬೇಕು. ಅದಕ್ಕೂ ಒಂದೆರಡು ವರ್ಷ ಮೊದಲು ಸುಧಾಕರಣ್ಣನ ಹುಟ್ಟುಹಬ್ಬಕ್ಕೆ ಹುಡುಗರು ಒಂದು ಫ್ಲೆಕ್ಸ್ ಮಾಡಿಸಿದ್ದರು. ಚೆನ್ನಾಗಿ ಕಾಣಲಿ ಎಂದು ನಾನು ಅವರ ಫೋಟೋದ ಸುತ್ತ ಚೆಂಡುಹೂವಿನ ಹಾರ ಇಟ್ಟಿದ್ದೆ. ಅವರು ಕಂಡವರೇ ಬೆವರಿ ಹೋದರು. “ನಾನಿನ್ನೂ ಬದುಕಿದೀನಿ ಮಾರಾಯ! ಫೋಟೋಕ್ಕೆ ಹಾರ ಹಾಕ್ತಾರ?” ಅವರ ಹೆಂಡತಿ ಅಂದು ದೇವರಿಗೆ ತುಪ್ಪದ ದೀಪ ಹಚ್ಚಿಸಿದರಂತೆ. ನಾನು ತಪ್ಪಾಯಿತೆಂದು ಬೇರೆ ಮಾಡಿಕೊಟ್ಟೆ. ಬದುಕಿದ್ದವರಿಗೆ ಹಾರವನ್ನು ಕೊರಳಿಗೆ ಹಾಕುತ್ತೇವೆ, ಫೋಟೋಕ್ಕೆ ಹಾಕುವುದಿಲ್ಲ. ಫೋಟೋಕ್ಕೆ ಹಾರ ಬಿತ್ತೆಂದರೆ ಆ ಮನುಷ್ಯ ಇಲ್ಲ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ.

ಮೆರವಣಿಗೆಯ ಹಿಂದಿನ ದಿನ ಅಡ್ಡಮಳೆ ಬಂದು ಕರೆಂಟು ಹೋಗುವುದು, ಬರುವುದು ನಡೆದಿತ್ತು. ನಾಲ್ಕು ಫ್ಲೆಕ್ಸ್ ಬೇಕಿತ್ತು: ಕೊಪ್ಪಕ್ಕೆ, ಶೃಂಗೇರಿಗೆ, ನರಸಿಂಹರಾಜಪುರಕ್ಕೆ ಒಂದೊಂದು, ಹುಡುಗನ ಊರೆಂದು ಕೆರೆಕಟ್ಟೆಗೆ ಇನ್ನೊಂದು. ಹೊಸದಾಗಿ ಡಿಸೈನ್ ಮಾಡಲು ಹೊತ್ತಿರಲಿಲ್ಲ. ಹಿಂದಿನ ವಾರ ಗಡಿಯಲ್ಲಿ ಸತ್ತವರಿಗೆಂದು ಮಾಡಿದ್ದ ಶ್ರದ್ಧಾಂಜಲಿಯ ಫ್ಲೆಕ್ಸನ್ನೇ ತೆರೆದೆ. ‘ಶ್ರದ್ಧಾಂಜಲಿ’ ಎಂಬ ಮಾತು ಅಳಿಸಿದೆ. ಎರಡೂ ಕಡೆಯ ದೀಪ ತೆಗೆದೆ. ನಡುವಿನ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ದಿನೇಶನ ಮುಖ ಕೂರಿಸಿದೆ. ಚೌಕಟ್ಟಿಗೆ ಅಂಟಿಕೊಂಡಿದ್ದ ಹಾರ ಅವನ ಭುಜದಿಂದ ಇಳಿದು ಗಲ್ಲಕ್ಕೆ ತಾಗುವಂತೆ ಬಂದು ಕೂತಿತು.

ಸುಧಾಕರಣ್ಣ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಮುಖಂಡರ ಸಾಲನ್ನು ಬೆರಳಿಟ್ಟು ಎರಡು ಸಲ ನೋಡಿದರು. ಯಾರ ಮುಖ ಯಾರಿಗಿಂತ ದೊಡ್ಡದಾಗಿದೆ, ಯಾರು ಯಾರ ಎಡಕ್ಕೆ ಬಂದಿದ್ದಾರೆ ಎಂದು ಪರೀಕ್ಷೆ ಮಾಡಿದರು. ಒಬ್ಬರ ಮುಖವನ್ನು ಕಾಲಿಂಚು ಚಿಕ್ಕದು ಮಾಡಿಸಿದರು. ಕೊನೆಗೆ ನಡುವಿನ ಫೋಟೋ ನೋಡಿ, “ಚಂದ ಬಂದಿದೆ. ಹಾರ ಇರ್ಲಿ, ಗೌರವ ಕಾಣ್ತದೆ” ಎಂದರು.

ನಾನು ಬಾಯಿ ತೆರೆದೆ. ಇದನ್ನು ಎರಡು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಬಾಯಿ ತೆರೆದೆ ಎಂದು. ಹಾರ ತೆಗೆಯಬೇಕಾದರೆ ಚೌಕಟ್ಟನ್ನೇ ಹೊಸದಾಗಿ ಬಿಡಿಸಬೇಕು, ಅರ್ಧ ಗಂಟೆಯ ಕೆಲಸ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಬೆನ್ನು ನೋಯುತ್ತಿತ್ತು. ಅವರೇ ಇರಲಿ ಎಂದಿದ್ದಾರೆ, ನನಗೇನು ಎನ್ನಿಸಿತು. ತೆರೆದ ಬಾಯಿಯನ್ನು ಮುಚ್ಚಿ ಪ್ರಿಂಟ್ ಕೊಟ್ಟೆ.

ಮಾರನೇ ದಿನ ಮಧ್ಯಾಹ್ನ ಮೆರವಣಿಗೆ ಹೊರಟಿತು. ಅಂಗಡಿಯೆದುರೇ ಘೋಷಣೆ ಕೂಗುತ್ತಾ ಹೋಗುತ್ತಿದ್ದರು. ಮುಂದುಗಡೆ ಜೀಪಿನಲ್ಲಿ ಸುಧಾಕರಣ್ಣ ನಿಂತಿದ್ದರು, ಮಳೆ ಹನಿಯುತ್ತಿದ್ದರಿಂದ ಯಾರೋ ಅವರಿಗೆ ಕೊಡೆ ಹಿಡಿದಿದ್ದರು. ಆ ಗಲಾಟೆಯ ನಡುವೆ ಕೆರೆಕಟ್ಟೆ ಕಡೆ ಓಡುವ ಬಸ್ಸಿನ ಕಂಡಕ್ಟರ್ ಅಂಗಡಿಯೊಳಗೆ ಬಂದ. ಪರಿಚಯದವನು.

“ಭಾಸ್ಕರಣ್ಣ, ಜಲಜಕ್ಕನ ಮಗ ಹೋಗಿಬಿಟ್ನಂತಲ್ಲ! ಯಾವಾಗ ಆಗಿದ್ದು?”

ಮೌಸ್ ಬಿಟ್ಟು ಎದ್ದೆ. “ಯಾರು ಹೇಳಿದ್ದು ನಿಂಗೆ?”

“ಯಾರು ಹೇಳದು? ಊರಿನ ಬಸ್‌ಸ್ಟಾಪಲ್ಲೇ ಹಾಕಿದಾರಲ್ಲ, ಹಾರ ಹಾಕಿದ ಫೋಟೋ. ನಿಮ್ಮಲ್ಲೇ ಅಲ್ವಾ ಮಾಡಿಸಿದ್ದು? ಜಲಜಕ್ಕ ನರ್ಸರಿ ಕೆಲಸಕ್ಕೆ ಹೊರಟವ್ರು ಅದರ ಕೆಳಗೇ ಕುಸಿದು ಕೂತ್ರಂತೆ. ಎರಡು ಜನ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ್ರು.”

ದಿನೇಶನಿಂದ ಫೋನ್ ಬಾರದೆ ಅಂದಿಗೆ ಐದು ದಿನವಾಗಿತ್ತು. ಅದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಿರುವಾಗ ಪಕ್ಷದವರೇ ಫ್ಲೆಕ್ಸ್ ಹಾಕಿದ್ದಾರೆಂದರೆ ಅವರಿಗೆ ಮೇಲಿನಿಂದ ಸುದ್ದಿ ಬಂದಿರಬೇಕು ಎಂದುಕೊಂಡಿದ್ದರು. ಯಾರೂ ಒಂದು ಕ್ಷಣ ಅನುಮಾನಪಟ್ಟಿರಲಿಲ್ಲ, ಯಾಕೆ ಪಡುತ್ತಾರೆ?

ಸುಧಾಕರಣ್ಣನಿಗೆ ಫೋನ್ ಮಾಡಿದೆ. ಘೋಷಣೆಯ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಶಟರ್ ಎಳೆದು, ಓಮ್ನಿ ತೆಗೆದುಕೊಂಡು ಸೊಸೈಟಿಯ ಮುಂದೆ ನಿಲ್ಲಿಸಿ ತಿಮ್ಮಪ್ಪಣ್ಣನಿಗೆ ವಿಷಯ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಹೋಗಿ ಹೇಳಿ ಬಂದು ಹತ್ತಿ ಕೂತರು. ದಾರಿಯಲ್ಲಿ ಶೃಂಗೇರಿಯ ಬಸ್‌ಸ್ಟ್ಯಾಂಡಿನ ಬಳಿ ಅದೇ ಫ್ಲೆಕ್ಸ್ ಕಂಡಿತು. ತಿಮ್ಮಪ್ಪಣ್ಣ ಅದನ್ನು ನೋಡಿ, ನನ್ನನ್ನು ನೋಡಿ, ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಕೆರೆಕಟ್ಟೆಯ ಆ ಮನೆ ಆಗಲೇ ಸಾವಿನ ಮನೆಯಾಗಿತ್ತು. ಹೊರಗೆ ಗಂಡಸರು ತಲೆ ತಗ್ಗಿಸಿ ನಿಂತಿದ್ದರು. ನೆಮ್ಮಾರಿನಿಂದ ನೆಂಟರು ಬಂದಾಗಿತ್ತು. ಒಳಗೆ ಹೆಂಗಸರ ನಡುವೆ ಜಲಜಕ್ಕ ಗೋಡೆಗೊರಗಿ ಕೂತಿದ್ದರು. ಅಳುತ್ತಿರಲಿಲ್ಲ. ಕೈಬೆರಳ ಸಂದಿಯಲ್ಲಿ ಹಿಂದಿನ ದಿನದ ನರ್ಸರಿ ಮಣ್ಣು ಇನ್ನೂ ಇತ್ತು. ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಸಾವಾದ ಮನೆಯಲ್ಲಿ ಹಚ್ಚುವುದಿಲ್ಲ.

ನನಗೆ ಹೊಸ್ತಿಲು ದಾಟಲಾಗಲಿಲ್ಲ. ತಿಮ್ಮಪ್ಪಣ್ಣ ದಾಟಿದರು. ಅವರ ಮಂಡಿ ಮಡಚುತ್ತಿರಲಿಲ್ಲ, ಆದರೂ ಗೋಡೆ ಹಿಡಿದು ಜಲಜಕ್ಕನ ಎದುರು ನೆಲಕ್ಕೆ ಕೂತರು.

“ತಂಗೀ, ನಾನು ಮಿಲಿಟರೀಲಿ ಇದ್ದವ. ನಾನು ಕೇಳಿದ್ದಕ್ಕೆ ಹೇಳು. ಪೊಲೀಸ್ನವ್ರು ಬಂದಿದ್ರಾ?”

ಜಲಜಕ್ಕ ಇಲ್ಲವೆಂದು ತಲೆಯಾಡಿಸಿದರು.

“ತಹಶೀಲ್ದಾರ್ರು? ಯಾರಾದ್ರೂ ಆಫೀಸರ್ ಫೋನ್ ಮಾಡಿದ್ರಾ?”

“ಇಲ್ಲ.”

“ಹಾಂಗಾದ್ರೆ ಅವ ಇದಾನೆ. ಅಂಥ ಸುದ್ದಿ ಫ್ಲೆಕ್ಸಲ್ಲಿ ಬರದಿಲ್ಲ. ಮೊದಲು ಮನೆಗೇ ಬರದು. ಫೋನ್ ಬರ್ಲಿಲ್ಲ ಅಂದ್ರೆ ಫೋನ್ ತೆಗೆದಿಟ್ಟಿದಾರೆ ಅಂತ. ಇಂಥ ಹೊತ್ತಲ್ಲಿ ಎಲ್ಲರದ್ದೂ ತೆಗೆದಿಡ್ತಾರೆ.”

“ಫೋಟೋಕ್ಕೆ ಹಾರ ಹಾಕಿದಾರಲ್ಲ” ಎಂದರು ಜಲಜಕ್ಕ. ಅಷ್ಟೇ ಅಂದರು.

ತಿಮ್ಮಪ್ಪಣ್ಣ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಕಟ್ಟಿಗೆ ಮುರಿದ ಸದ್ದು ಕೇಳಿತು, ಊದಿದ್ದು ಕೇಳಿತು. ಹೆಂಗಸೊಬ್ಬರು ಗಾಬರಿಯಿಂದ “ಒಲೆ ಹಚ್ತಿದಾರೆ” ಎಂದರು. ನೆಮ್ಮಾರಿನ ನೆಂಟರೊಬ್ಬರು ತಡೆಯಲು ಹೋದರು. ತಿಮ್ಮಪ್ಪಣ್ಣ ಒಳಗಿಂದಲೇ ಗಟ್ಟಿಯಾಗಿ ಹೇಳಿದರು. “ಈ ಮನೇಲಿ ಯಾರೂ ಸತ್ತಿಲ್ಲ. ಅಕ್ಕಿಹಿಟ್ಟು ಎಲ್ಲಿದೆ ಹೇಳಿ.”

ಅವರು ರೊಟ್ಟಿ ತಟ್ಟಿದರು. ಹೊಗೆ ಮಾಡಿನ ಸಂದಿಯಿಂದ ಹೊರಗೆ ಬಂದಾಗ ಅಂಗಳದಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಮ್ಮಪ್ಪಣ್ಣ ಬಿಸಿ ರೊಟ್ಟಿಯ ತಟ್ಟೆಯನ್ನು ಜಲಜಕ್ಕನ ಮುಂದೆ ಇಟ್ಟು, ಅವರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುವವರೆಗೂ ಅಲ್ಲಾಡದೆ ನಿಂತರು.

ನಾನು ಬಸ್‌ಸ್ಟಾಪಿಗೆ ಹೋಗಿ ಫ್ಲೆಕ್ಸ್ ಬಿಚ್ಚಿ ಸುತ್ತಿಕೊಂಡು ಬಂದೆ. ಓಮ್ನಿಯೊಳಗೆ ಹಾಕಿಕೊಳ್ಳಬೇಕು ಎನ್ನುವಷ್ಟರಲ್ಲಿ ಜಲಜಕ್ಕ ಬಾಗಿಲಿಗೆ ಬಂದಿದ್ದರು. “ಅದು ಇಲ್ಲೇ ಇರ್ಲಿ ಭಾಸ್ಕರಣ್ಣ” ಎಂದರು. ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಗೋಡೆಗೆ ಒರಗಿಸಿಟ್ಟೆ. “ಮೆಷಿನ್ ತಪ್ಪು ಜಲಜಕ್ಕ, ಪ್ರಿಂಟ್ ಆಗುವಾಗ ಹಳೇದು ಸೇರಿಕೊಂಡ್ಬಿಟ್ಟಿದೆ” ಎಂದೆ. ಅಷ್ಟು ದೂರ ಹೋಗಿದ್ದು ತಪ್ಪೊಪ್ಪಿಕೊಳ್ಳಲು, ಹೇಳಿದ್ದು ಇದು.

ಮೂರನೇ ದಿನ ಗಡಿಯಲ್ಲಿ ಗುಂಡು ನಿಂತಿತು. ಆ ಸಂಜೆಯೇ ದಿನೇಶನ ಫೋನ್ ಬಂತಂತೆ. ಸಿಗ್ನಲ್ ಸರಿಯಾಗಿ ಸಿಗುವ ದಿಬ್ಬದವರೆಗೆ ಜಲಜಕ್ಕ ಫೋನ್ ಹಿಡಿದು ಓಡಿದರಂತೆ. ಊಟ ಆಯ್ತಾ ಎಂದು ಅವನನ್ನು ನಾಲ್ಕು ಸಲ ಕೇಳಿದರಂತೆ. ತಿಮ್ಮಪ್ಪಣ್ಣ ಬಂದು ನನಗೆ ಇದನ್ನು ಹೇಳುವಾಗ ಎದುರಿನ ಹೋಟೆಲಿನಲ್ಲಿ ದೊಡ್ಡ ಬೇಸರ ಆವರಿಸಿತ್ತು. “ಇಷ್ಟು ಬೇಗ ನಿಲ್ಲಿಸಿಬಿಟ್ರಲ್ಲ ಮಾರಾಯ” ಎಂದು ಸುಧಾಕರಣ್ಣ ಕೈ ಚೆಲ್ಲಿ ಕೂತಿದ್ದರು. “ಇನ್ನೊಂದು ವಾರ ಬಿಟ್ಟಿದ್ರೆ ಪೂರ್ತಿ ಮುಗಿಸ್ತಿದ್ವಿ.”

ಮುಗಿಸುತ್ತಿದ್ದೆವು ಎಂದರು. ನಾನು ಕೆರೆಕಟ್ಟೆಯ ವಿಷಯ ತೆಗೆದೆ. ಅವರಿಗೆ ನಿಜವಾಗಿಯೂ ಕೆಡುಕೆನಿಸಿತು, ಮುಖ ಸಣ್ಣದಾಯಿತು. “ಛೆ, ಹಾಂಗಾಗ್ಬಾರ್ದಿತ್ತು. ಒಂದ್ಸಲ ಹೋಗಿ ಮಾತಾಡ್ಸಿ ಬರ್ಬೇಕು” ಎಂದರು. ಅಷ್ಟರಲ್ಲಿ ಮಳೆ ಹಿಡಿಯಿತು. ಬೋರ್ಡೋ ಹೊಡೆಯುವವರು ಸಿಕ್ಕಿರಲಿಲ್ಲ. ಅವರು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಹೋದ ವಾರ ಓಮ್ನಿಯಲ್ಲಿ ಕೂತು ಸೌದೆ ರಾಶಿಯನ್ನೇ ನೋಡುತ್ತಿದ್ದವನನ್ನು ಜಲಜಕ್ಕನೇ ಕಂಡು ಕರೆದರು. “ಬನ್ನಿ ಭಾಸ್ಕರಣ್ಣ, ಎಂತ ಅಲ್ಲೇ ಕೂತಿದೀರಿ? ಕಾಫಿ ಕುಡ್ಕೊಂಡು ಹೋಗಿ.” ತಲೆ ಕೂದಲು ಪೂರ್ತಿ ನರೆತಿತ್ತು. ದಿನೇಶ ಕಳೆದ ತಿಂಗಳಷ್ಟೇ ರಜೆಗೆ ಬಂದು ಹೋದನಂತೆ. ಈ ಸೌದೆ ಅವನೇ ಒಡೆದು ಹಾಕಿದ್ದಂತೆ. ಮತ್ತೆ ಗಡಿಯ ಕಡೆಗೇ ಹಾಕಿದ್ದಾರಂತೆ.

ಕಾಫಿ ಲೋಟ ಹಿಡಿದುಕೊಂಡು, ತಲೆಯೆತ್ತದೆ ಹೇಳಿದೆ. “ಜಲಜಕ್ಕ, ಅವತ್ತು ಮೆಷಿನ್ ತಪ್ಪಲ್ಲ. ನಾನೇ ಮಾಡಿದ್ದು. ಹಾರ ಇದ್ದಿದ್ದು ಕಂಡಿತ್ತು. ಕಂಡೂ ಬಿಟ್ಟೆ.”

“ಗೊತ್ತು” ಎಂದರು ಅವರು. “ಫ್ಲೆಕ್ಸಿನ ಮೂಲೆಲಿ ನಿಮ್ಮಂಗಡಿ ಹೆಸರು, ಫೋನ್ ನಂಬರ್ ಎಲ್ಲ ಇದ್ಯಲ್ಲ. ದಿನಾ ಸೌದೆ ತೆಗೆಯುವಾಗ ಕಾಣ್ತದೆ. ಮೆಷಿನ್ನಿಗೆ ಹಾರ ಅಂದ್ರೆ ಎಂತ ಅಂತ ಗೊತ್ತಿರ್ತದ?”

ಸಿಟ್ಟಿನಿಂದ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಗೋದ್ರೇಜ್ ಬೀರುವಿನ ಬಾಗಿಲು ತೆಗೆದು ನನ್ನನ್ನು ಕರೆದರು. ಬಾಗಿ ನೋಡಿದೆ. ಬಾಗಿಲಿನ ಒಳಮೈಗೆ ದಿನೇಶನ ಮುಖ ಅಂಟಿಸಿದ್ದರು, ಫ್ಲೆಕ್ಸಿನಿಂದ ಕತ್ತರಿಸಿ ತೆಗೆದದ್ದು. ಹಾರವನ್ನು ಒಂದೊಂದು ಹೂವಾಗಿ, ಭುಜದ ಗೆರೆ ತಪ್ಪದಂತೆ ಕತ್ತರಿಸಿ ಬಿಟ್ಟಿದ್ದರು. ಇಷ್ಟು ನಾಜೂಕಾಗಿ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಗಲ್ಲದ ಹತ್ತಿರ ಒಂದು ಚೆಂಡುಹೂವು ಮಾತ್ರ ಉಳಿದಿತ್ತು.

“ಅದೊಂದು ತೆಗೆಯಕ್ಕೆ ಆಗ್ಲಿಲ್ಲ. ತೆಗೆದ್ರೆ ಗಲ್ಲ ಹೋಗ್ತದೆ.”

“ಹೊಸದು ಮಾಡ್ಕೊಡ್ತೀನಿ ಜಲಜಕ್ಕ. ಹೂವಿಲ್ದೆ, ಒಳ್ಳೇ ಫೋಟೋ. ನಾಳೇನೇ ತರ್ತೀನಿ.”

ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆ ಮನೆಯೊಳಗೆ ಸಿಗ್ನಲ್ ಈಗ ಸಿಗುತ್ತದೆ. ತೆಗೆದು ನೋಡಿದೆ, ಸುಧಾಕರಣ್ಣನ ಹೆಸರು. ಎರಡು ದಿನದಿಂದ ಟಿವಿಯಲ್ಲಿ ಮತ್ತೆ ಗಡಿಯ ಮಾತು ಶುರುವಾಗಿತ್ತು, ಎಂತಕ್ಕೆ ಫೋನ್ ಎಂದು ಕೇಳಬೇಕಾಗಿರಲಿಲ್ಲ. ಜಲಜಕ್ಕ ಆ ಹೆಸರನ್ನು ಓದಿದರು. ನಾನು ಫೋನ್ ಬಂದ್ ಮಾಡಿ ಜೇಬಿಗೆ ಹಾಕಿಕೊಂಡೆ.

“ಹೊಸದು ಬೇಡ ಭಾಸ್ಕರಣ್ಣ” ಎಂದರು ಅವರು, ಗೋದ್ರೇಜಿನ ಬಾಗಿಲು ಮೆಲ್ಲಗೆ ಹಾಕುತ್ತಾ. “ಟಿವೀಲಿ ಯುದ್ಧದ ಮಾತು ಬಂದಾಗೆಲ್ಲ ಇದನ್ನ ತೆಗೆದು ನೋಡ್ತೀನಿ. ಹೂವು ಇನ್ನೂ ಒಂದೇ ಇದೆ ಅಂತ ನೋಡ್ಕೊಂಡು ಕೆಲಸಕ್ಕೆ ಹೋಗ್ತೀನಿ.”